ಕಳ್ಳಸಾಗಣೆಗೆ ಸಿಲುಕಿದವರು ಚಿಕಿತ್ಸೆಗೆ ಬಂದಾಗ ವೈದ್ಯರು ಮಾಡಬೇಕಾದದ್ದು

ಮಾನವ ಕಳ್ಳಸಾಗಣೆಗೆ ಸಿಲುಕಿದವರು ವೈದ್ಯರ ಬಳಿಗೆ ಬರುವುದು ಗಾಯಕ್ಕೋ, ಗರ್ಭಕ್ಕೋ, ವಾಸಿಯಾಗದ ಕೆಮ್ಮಿಗೋ. ತಮ್ಮ ಪಾಡು ಹೇಳಿಕೊಳ್ಳಲು ಬರುವವರು ವಿರಳ. ಆದ್ದರಿಂದ ಮೊದಲು ಚಿಕಿತ್ಸೆ ಕೊಡಿ. ಗುರುತಿನ ಚೀಟಿಯಾಗಲಿ ಪೊಲೀಸ್ ದೂರಾಗಲಿ ತುರ್ತು ಚಿಕಿತ್ಸೆಗೆ ಷರತ್ತಾಗಬಾರದು.

ಎರಡನೆಯ ಹಂತ, ರೋಗಿಯೊಡನೆ ಒಂಟಿಯಾಗಿ ಮಾತನಾಡುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರಶ್ನೆಗಳಿಗೆಲ್ಲ ಜೊತೆಗೆ ಬಂದವನೇ ಉತ್ತರಿಸುತ್ತಿದ್ದರೆ, ದಾಖಲೆಗಳು ಅವನ ಕೈಯಲ್ಲೇ ಇದ್ದರೆ, ತಾನಿರುವ ವಿಳಾಸ ರೋಗಿಗೇ ತಿಳಿಯದಿದ್ದರೆ, ಅನುಮಾನವನ್ನು ಮುಖದಲ್ಲಿ ತೋರಗೊಡದೆ, ಪರೀಕ್ಷೆಯ ವೇಳೆ ಬೇರೆಯವರು ಒಳಗಿರುವಂತಿಲ್ಲ ಎಂದಷ್ಟೇ ಹೇಳಿ. ಆಸ್ಪತ್ರೆಯು ಈ ನಿಯಮವನ್ನು ಎಲ್ಲ ರೋಗಿಗಳಿಗೂ ಅನ್ವಯಿಸಬೇಕು. ಒಬ್ಬರಿಗೆ ಮಾತ್ರ ಹೇಳಿದರೆ ಜೊತೆಗಾರ ಎಚ್ಚೆತ್ತು ರೋಗಿಯನ್ನು ಕರೆದುಕೊಂಡು ಹೊರಟುಬಿಡಬಹುದು. ಭಾಷೆ ತಿಳಿಯದಿದ್ದಾಗ ಅವನನ್ನೇ ದುಭಾಷಿ ಮಾಡಿಕೊಳ್ಳುವುದು ಅತಿ ದೊಡ್ಡ ತಪ್ಪು. ಮೊಬೈಲಿನ ಅನುವಾದದ ಆ್ಯಪ್ ಎಲ್ಲಿ ನೋವು ಎಂದು ಕೇಳುವುದಕ್ಕೆ ಸಾಕಾದೀತು, ಇಂಥ ಮಾತುಕತೆಗೆ ನಾನು ಅದನ್ನು ಒಪ್ಪುವುದಿಲ್ಲ. ಗೋಪ್ಯತೆಗೆ ಬದ್ಧರಾದ, ತರಬೇತಿ ಪಡೆದ ದುಭಾಷಿಯೇ ಬೇಕು.

ಯಾವುದನ್ನು ಗುಟ್ಟಾಗಿಡಬಲ್ಲಿರಿ, ಯಾವುದನ್ನು ಕಾನೂನಿನಂತೆ ಅಧಿಕಾರಿಗಳಿಗೆ ತಿಳಿಸಲೇಬೇಕು ಎಂಬುದನ್ನು ಮಾತಿಗೆ ಮೊದಲೇ ಹೇಳಿಬಿಡಿ. ಎಲ್ಲ ಕೇಳಿಸಿಕೊಂಡ ಮೇಲೆ ಹೇಳುವುದು ವಿಶ್ವಾಸದ್ರೋಹ. ನಿಮ್ಮನ್ನು ಮಾರಿದ್ದಾರೆಯೇ ಎಂದು ನೇರವಾಗಿ ಕೇಳಬೇಡಿ. ಮಲಗುವುದೆಲ್ಲಿ, ಬೇಕೆಂದಾಗ ಹೊರಗೆ ಹೋಗಬಹುದೇ, ದುಡಿದ ಹಣ ಯಾರ ಕೈ ಸೇರುತ್ತದೆ, ಕೆಲಸ ಬಿಟ್ಟರೆ ಏನಾಗುತ್ತದೆ ಎಂದು ಕೇಳಿ. ಉತ್ತರ ಬಾರದಿದ್ದರೆ ಒತ್ತಾಯಿಸಬೇಡಿ. ಹೌದು-ಇಲ್ಲ ಎಂದು ಗುರುತು ಹಾಕುವ ಅಚ್ಚಿನ ನಮೂನೆಗಳಿಂದ ಸಮಯ ಉಳಿಯುತ್ತದೆ, ಆದರೆ ಹೆದರಿದವರು ಎಲ್ಲಕ್ಕೂ ಇಲ್ಲವೆಂದೇ ಗುರುತು ಹಾಕುತ್ತಾರೆ.

ತಾನಾಗಿಯೇ ಒಪ್ಪಿ ಬಂದೆ ಎಂದು ರೋಗಿ ಹೇಳಿದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ, ಮಾನವ ಕಳ್ಳಸಾಗಣೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಪಲೆರ್ಮೊ ಪ್ರೋಟೊಕಾಲ್ ಪ್ರಕಾರ, ಬಲಾತ್ಕಾರ ಇಲ್ಲವೇ ವಂಚನೆ ನಡೆದಿದ್ದಲ್ಲಿ ಆ ಒಪ್ಪಿಗೆಗೆ ಬೆಲೆಯಿಲ್ಲ. 18 ವರ್ಷದೊಳಗಿನವರನ್ನು ಶೋಷಣೆಗಾಗಿ ಸಾಗಿಸಿದ್ದರೆ ಬಲಾತ್ಕಾರವನ್ನು ತೋರಿಸಬೇಕಾಗಿಯೂ ಇಲ್ಲ. ಮಕ್ಕಳ ಶೋಷಣೆಯನ್ನು ವರದಿ ಮಾಡುವುದು ಅನೇಕ ದೇಶಗಳಲ್ಲಿ ವೈದ್ಯರಿಗೆ ಕಡ್ಡಾಯ. ವಯಸ್ಕರ ಬಗ್ಗೆ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಕಡ್ಡಾಯವಿಲ್ಲದ ಕಡೆ, ತಕ್ಷಣದ ಪ್ರಾಣಾಪಾಯವೂ ಇಲ್ಲದಿದ್ದಾಗ, ಅವರ ಒಪ್ಪಿಗೆಯಿಲ್ಲದೆ ಪೊಲೀಸರನ್ನು ಕರೆಯಬೇಡಿ. ಅವಸರದ ದೂರಿನ ಸೇಡು ಮನೆಯವರ ಮೇಲೆ ತಿರುಗಬಹುದು.

ದಾಖಲೆಯಲ್ಲಿ ರೋಗಿಯ ಮಾತನ್ನು ಅವರದೇ ಶಬ್ದಗಳಲ್ಲಿ ಬರೆಯಿರಿ, ಗಾಯಗಳ ಜಾಗ, ಅಳತೆ ನಮೂದಿಸಿ. ಜೊತೆಗಾರನ ಕೈಗೆ ಹೋಗುವ ಚೀಟಿಯಲ್ಲಿ ಮಾತ್ರ ಇದಾವುದೂ ಇರಕೂಡದು. ಸಹಾಯವಾಣಿಯ ಕಾರ್ಡನ್ನೂ ರೋಗಿಯನ್ನು ಕೇಳದೆ ಕೊಡಬೇಡಿ. ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ, ಗಾಯ ನೋಡುವ ನೆಪದಲ್ಲಿ ಮರುಭೇಟಿಯ ದಿನ ಗೊತ್ತುಮಾಡಿ.