ಉಳುಕು, ಊತ, ಒಳಪೆಟ್ಟು: ಡಾಕ್ಟರಿಗೆ ಹೇಳುವುದು ಹೇಗೆ?

ಇಂಗ್ಲಿಷ್ ಮಾತಾಡುವ ಹೊರದೇಶಕ್ಕೆ ಹೊಸದಾಗಿ ಬಂದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೆ ಬಿದ್ದು ಪೆಟ್ಟಾದಾಗ ಬಾಯಿಗೆ ಮೊದಲು ಬರುವುದು ಕನ್ನಡವೇ. ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದರೆ ಡಾಕ್ಟರಿಗೆ ಬೇರೆಯೇ ಕಾಯಿಲೆ ಕೇಳಿಸಬಹುದು.

ದೊಡ್ಡ ಗೊಂದಲ ಜಾಗದ್ದು. ನಮಗೆ ತೊಡೆಯಿಂದ ಹೆಬ್ಬೆರಳಿನ ತನಕ ಎಲ್ಲವೂ ಕಾಲು, ಭುಜದಿಂದ ಬೆರಳ ತುದಿಯವರೆಗೂ ಕೈ. ಇಂಗ್ಲಿಷಿನಲ್ಲಿ ಲೆಗ್ ಬೇರೆ, ಫುಟ್ ಬೇರೆ, ಆರ್ಮ್ ಬೇರೆ, ಹ್ಯಾಂಡ್ ಬೇರೆ. ಪಾದ ನೋಯುತ್ತಿದ್ದರೆ ಫುಟ್ ಎನ್ನಿ. ಮಣಿಕಟ್ಟು ಅಂದರೆ ರಿಸ್ಟ್, ಪಾದದ ಗಂಟು ಅಂದರೆ ಆಂಕಲ್. ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೇಳುವಾಗ ಬೆರಳಿಟ್ಟು ತೋರಿಸಲು ಆಗುವುದಿಲ್ಲ ಅಲ್ವಾ, ಹಾಗಾಗಿ ಈ ನಾಲ್ಕಾರು ಪದ ಗೊತ್ತಿರಲಿ.

ಇನ್ನೊಂದು ‘ರಕ್ತ ಹೆಪ್ಪುಗಟ್ಟಿದೆ’. ಏಟು ಬಿದ್ದ ಕಡೆ ಚರ್ಮ ನೀಲಿಯಾದರೆ ನಾವು ಹೀಗೆ ಹೇಳುತ್ತೇವೆ. ಇದನ್ನು ಬ್ಲಡ್ ಕ್ಲಾಟ್ ಅಂದುಬಿಟ್ಟರೆ ಡಾಕ್ಟರ್ ರಕ್ತನಾಳದೊಳಗಿನ ಗಡ್ಡೆ ಅಂದುಕೊಳ್ಳುತ್ತಾರೆ. ಅದು ನಿಜಕ್ಕೂ ಅಪಾಯದ್ದು. ನಿಮ್ಮದು ಬ್ರೂಸ್. ಸಾಮಾನ್ಯವಾಗಿ ಎರಡು ವಾರದಲ್ಲಿ ನೀಲಿ ಹಸಿರಾಗಿ, ಹಳದಿಯಾಗಿ ಮಾಯುತ್ತದೆ. ಏಟೇ ಬೀಳದೆ ಮತ್ತೆ ಮತ್ತೆ ಬ್ರೂಸ್ ಆಗುತ್ತಿದ್ದರೆ, ಅಥವಾ ನೀವು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಕೇಳುವ ತನಕ ಕಾಯದೆ ಅದನ್ನು ಹೇಳಿ.

‘ನರ ಹಿಡ್ಕೊಂಡಿದೆ’ ಅನ್ನುವುದೂ ಹಾಗೆಯೇ. ನಾವು ಸ್ನಾಯುವಿಗೂ ನರ ಎನ್ನುತ್ತೇವೆ. ನರ್ವ್ ಅಂದರೆ ಅವರು ಜೋಮು, ಉರಿ, ಮರಗಟ್ಟುವುದು ಇದೆಯಾ ಎಂದು ಹುಡುಕುತ್ತಾರೆ. ಅವು ಇಲ್ಲದೆ ಬರೀ ಬಿಗಿತ, ಸೆಳೆತ ಇದ್ದರೆ ಮಸಲ್ ಪೇನ್ ಎನ್ನಿ, ಸಾಕು.

ಉಳುಕಿಗೆ ಅವರಲ್ಲಿ ಎರಡು ಪದ. ಮೂಳೆಗೆ ಮೂಳೆ ಸೇರಿಸುವ ಲಿಗಮೆಂಟ್ ಎಳೆದುಕೊಂಡರೆ ಸ್ಪ್ರೇನ್, ಸ್ನಾಯು ಅಥವಾ ಸ್ನಾಯುವನ್ನು ಮೂಳೆಗೆ ಸೇರಿಸುವ ಟೆಂಡನ್ ಎಳೆದುಕೊಂಡರೆ ಸ್ಟ್ರೇನ್. ಯಾವುದು ಎಂದು ಹೇಳುವುದು ಡಾಕ್ಟರ ಕೆಲಸ. ನೀವು ಕಾಲು ಯಾವ ಕಡೆ ತಿರುಚಿತು, ಟಪ್ ಅಂತ ಸದ್ದು ಬಂತಾ, ಊತ ಎಷ್ಟು ಬೇಗ ಬಂತು ಎಂದು ಹೇಳಿದರೆ ತುಂಬ ಸಹಾಯ. ನಾಲ್ಕು ಹೆಜ್ಜೆ ನಡೆಯಲು ಆಗುತ್ತಾ ಎಂದೂ ಕೇಳುತ್ತಾರೆ. ಎಕ್ಸ್‌ರೇ ಬೇಕೋ ಬೇಡವೋ ಎಂದು ತೀರ್ಮಾನಿಸಲು ಕೆನಡಾದ ಡಾಕ್ಟರುಗಳು 1992ರಲ್ಲಿ ಕೊಟ್ಟ ಒಟ್ಟಾವಾ ನಿಯಮಗಳಲ್ಲಿ ಇದೂ ಒಂದು. ಇಲ್ಲಿ ದಯವಿಟ್ಟು ಧೈರ್ಯ ತೋರಿಸಬೇಡಿ. ಹಲ್ಲು ಕಚ್ಚಿ ನಡೆದು ‘ಪರವಾಗಿಲ್ಲ’ ಅಂದರೆ ಅವರು ಅದನ್ನೇ ನಂಬುತ್ತಾರೆ.

ಫ್ರ್ಯಾಕ್ಚರ್ ಅಂದರೆ ಬರೀ ಬಿರುಕು, ಮುರಿದಿಲ್ಲ ಎಂದು ಹಲವರು ಸಮಾಧಾನ ಪಡುತ್ತಾರೆ. ಹಾಗಲ್ಲ. ಸಣ್ಣ ಬಿರುಕಿನಿಂದ ಎರಡು ತುಂಡಾದದ್ದರವರೆಗೆ ಎಲ್ಲವೂ ಫ್ರ್ಯಾಕ್ಚರೇ. ಕೀಲು ತಪ್ಪಿದ್ದರೆ ಡಿಸ್‌ಲೊಕೇಶನ್, ಅದನ್ನು ಮನೆಯಲ್ಲಿ ಎಳೆದು ಕೂರಿಸಲು ಹೋಗಲೇಬೇಡಿ. ಉಳಿದವು ಸುಲಭ: ತರಚಿದ್ದು ಸ್ಕ್ರೇಪ್, ಬೊಬ್ಬೆ ಬ್ಲಿಸ್ಟರ್, ಹಣೆಯ ಬುಗುಟು ಬಂಪ್. ಆದರೆ ತಲೆಗೆ ಏಟು ಬಿದ್ದು ವಾಂತಿಯೋ ಮಂಪರೋ ಬಂದರೆ ಪದ ಹುಡುಕುತ್ತಾ ಕೂರದೆ ತುರ್ತು ಚಿಕಿತ್ಸೆಗೆ ಹೋಗಿ.

ಮಕ್ಕಳಿಗೆ ಪೆಟ್ಟಾದಾಗ ಹೇಗಾಯ್ತು, ಆಗ ಯಾರಿದ್ದರು ಎಂದು ಎರಡೆರಡು ಸಲ ಕೇಳಬಹುದು. ಬೇಜಾರಾಗಬೇಡಿ. ಹಲವು ದೇಶಗಳಲ್ಲಿ ಹಾಗೆ ಕೇಳುವುದು ಅವರ ಕರ್ತವ್ಯ. ಆದದ್ದನ್ನು ಆದ ಹಾಗೆ ಹೇಳಿ.

ಅಪ್ಪ ಅಮ್ಮ ಜೊತೆಗಿದ್ದು ಅವರಿಗೆ ಇಂಗ್ಲಿಷ್ ಬಾರದಿದ್ದರೆ ಇಂಟರ್‌ಪ್ರಿಟರ್ ಕೇಳಿ. ಅನೇಕ ಆಸ್ಪತ್ರೆಗಳು ಫೋನಿನಲ್ಲೇ ಒದಗಿಸುತ್ತವೆ. ಕೇಳುವಾಗ ಕನ್ನಡ ಎಂದು ಸ್ಪಷ್ಟವಾಗಿ ಹೇಳಿ. ‘ಇಂಡಿಯನ್’ ಅಂದರೆ ಹಿಂದಿಯವರು ಸಿಗುವ ಸಾಧ್ಯತೆಯೇ ಜಾಸ್ತಿ.