ಹಿಮ್ಮಡಿ ಒಡೆದಿದ್ರೆ ಉಜ್ಜೋದು ಕಮ್ಮಿ ಮಾಡಿ, ಹಚ್ಚೋದು ಜಾಸ್ತಿ ಮಾಡಿ

ಹಿಮ್ಮಡಿ ಒಡೀತು ಅಂದ ತಕ್ಷಣ ತುಂಬಾ ಜನ ಮಾಡೋ ಮೊದಲ ಕೆಲಸ ಕಲ್ಲು ತಗೊಂಡು ಗಸಗಸ ತಿಕ್ಕೋದು, ಕೆಲವರಂತೂ ಬ್ಲೇಡಲ್ಲೇ ಹೆರೀತಾರೆ, ಅವತ್ತಿಗೆ ನುಣ್ಣಗೆ ಕಾಣತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಗಟ್ಟಿಯಾಗಿ ಅದೇ ಜಾಗದಲ್ಲಿ ಬಿರಿಯತ್ತೆ. ದಯವಿಟ್ಟು ಬ್ಲೇಡ್ ಮುಟ್ಟಲೇಬೇಡಿ. ಒಡೆಯೋದು ಯಾಕೆ ಅಂತ ತಿಳ್ಕೊಂಡ್ರೆ ಏನು ಮಾಡ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಅಂಗಾಲಲ್ಲಿ ಬೆವರಿನ ಗ್ರಂಥಿಗಳು ಬೇಕಾದಷ್ಟಿವೆ, ಆದ್ರೆ ಎಣ್ಣೆ ಗ್ರಂಥಿ ಒಂದೂ ಇಲ್ಲ. ಮುಖಕ್ಕೆ, ತಲೆಗೆ ದೇಹವೇ ಜಿಡ್ಡು ಕೊಡತ್ತೆ, ಅಂಗಾಲಿಗೆ ಮಾತ್ರ ನಾವೇ ಹೊರಗಿಂದ ಕೊಡ್ಬೇಕು. ಜೊತೆಗೆ ಅಲ್ಲಿನ ಚರ್ಮ ಮೊದಲೇ ದಪ್ಪ, ಭಾರ ಮತ್ತು ತಿಕ್ಕಾಟ ಬಿದ್ದಷ್ಟೂ ಇನ್ನೂ ದಪ್ಪ ಆಗ್ತಾ ಹೋಗತ್ತೆ. ನಾವು ನಿಂತಾಗ ಹಿಮ್ಮಡಿ ಒಳಗಿರೋ ಕೊಬ್ಬಿನ ಮೆತ್ತೆ ಪಕ್ಕಕ್ಕೆ ಹರಡ್ಕೊಳ್ಳತ್ತೆ, ಮೇಲಿನ ಚರ್ಮ ಮೆತ್ತಗಿದ್ರೆ ಅದರ ಜೊತೆ ಹಿಗ್ಗತ್ತೆ, ಒಣಗಿದ್ರೆ ಹಿಗ್ಗೋಕಾಗ್ದೆ ಹಳೇ ಬೆಲ್ಟ್ ಬಗ್ಗಿಸಿದಾಗ ಬಿರಿಯೋ ಹಾಗೆ ಸೀಳತ್ತೆ. ಸೀಳು ಯಾವಾಗ್ಲೂ ಹಿಮ್ಮಡಿಯ ಅಂಚಲ್ಲೇ ಜಾಸ್ತಿ ಇರೋದು ಇದಕ್ಕೇ. ದಿನವಿಡೀ ನಿಂತು ಕೆಲಸ ಮಾಡೋರು, ಮೈತೂಕ ಜಾಸ್ತಿ ಇರೋರು, ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಹಾಕೋರು, ಬರಿಗಾಲಲ್ಲಿ ಓಡಾಡೋರು, ಇವರಿಗೆಲ್ಲ ಈ ಕಾಟ ಹೆಚ್ಚು.

ಅಂದ್ರೆ ನಿಜವಾದ ಕೆಲಸ ಚರ್ಮ ಕಿತ್ತು ತೆಗೆಯೋದಲ್ಲ, ಅದನ್ನ ಹಿಗ್ಗೋ ಹಾಗೆ ಮಾಡೋದು.

ರಾತ್ರಿ ಮಲಗೋ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಡಿ, ಸುಡೋ ಬಿಸಿ ಬೇಡ, ಬಿಸಿ ನೀರು ಮತ್ತು ಖಾರವಾದ ಸೋಪು ಇರೋ ಅಲ್ಪಸ್ವಲ್ಪ ಜಿಡ್ಡನ್ನೂ ಎಳ್ಕೊಂಡು ಹೋಗತ್ತೆ. ಹೊರಗೆ ತೆಗೆದು ಟವೆಲಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ವಾರಕ್ಕೆ ಒಂದೆರಡು ಸಲ ಮಾತ್ರ, ಚರ್ಮ ನೆನೆದು ಮೆತ್ತಗಾಗಿರುವಾಗ, ಪ್ಯೂಮಿಸ್ ಕಲ್ಲಲ್ಲಿ (ಕಾಲು ಉಜ್ಜೋಕೆ ಬಳಸೋ ಸಣ್ಣ ಸಣ್ಣ ತೂತಿರೋ ಹಗುರ ಕಲ್ಲು) ಒಂದೇ ದಿಕ್ಕಿಗೆ ಹಗುರವಾಗಿ ನಾಲ್ಕೈದು ಸಲ ಎಳೀರಿ, ಅಷ್ಟು ಸಾಕು. ತೆರೆದ ಸೀಳಿನ ಮೇಲೆ ಕಲ್ಲು ಆಡಿಸ್ಬೇಡಿ. ಸೀಳಿನ ಎರಡೂ ಬದಿ ಹಳದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಎದ್ದು ನಿಂತಿರೋ ಅಂಚು ಇರತ್ತಲ್ಲ, ಕಾಲ್ಚೀಲದ ದಾರ, ಬೆಡ್‌ಶೀಟ್ ಎಲ್ಲ ಸಿಕ್ಕಾಕೊಳ್ಳೋದು ಅದಕ್ಕೇ, ಆ ಅಂಚು ತೆಳ್ಳಗಾಗ್ತಾ ಬಂದ್ರೆ ಸೀಳು ತಾನೇ ಮುಚ್ಕೊಳ್ಳೋಕೆ ಶುರುವಾಗತ್ತೆ. ಕೈಯಲ್ಲಿ ಸಿಪ್ಪೆ ಕಿತ್ರೆ ಮಾತ್ರ ಅದು ಕೆಳಗಿನ ಹಸಿ ಚರ್ಮದವರೆಗೂ ಹರ್ಕೊಂಡು ಹೋಗತ್ತೆ.

ಈಗ ಮುಖ್ಯವಾದ ಮಾತು, ಒದ್ದೆ ಪೂರ್ತಿ ಆರೋಕೆ ಬಿಡದೆ ಎರಡು ಮೂರು ನಿಮಿಷದೊಳಗೆ ಕ್ರೀಮ್ ಹಚ್ಬೇಕು. ತೆಳ್ಳಗಿನ ಬಾಡಿ ಲೋಷನ್ ಇಲ್ಲಿಗೆ ಸಾಲಲ್ಲ. ಮೆಡಿಕಲ್ ಶಾಪಲ್ಲಿ ಯೂರಿಯಾ ಇರೋ ಫುಟ್ ಕ್ರೀಮ್ ಕೇಳಿ, ಡಬ್ಬಿ ಮೇಲೆ ಶೇಕಡಾ ಎಷ್ಟು ಅಂತ ನೋಡಿ ತಗೊಳ್ಳಿ, 10% ಇದ್ರೆ ದಿನಾ ಹಚ್ಚೋಕೆ ಸಾಕು, ಚರ್ಮ ತುಂಬಾ ದಪ್ಪ ಇದ್ರೆ 20–25%. ಯೂರಿಯಾ ನೀರನ್ನ ಹಿಡಿದಿಟ್ಕೊಳ್ಳತ್ತೆ, ಜೊತೆಗೆ ಗಟ್ಟಿ ಪದರವನ್ನ ಸಡಿಲ ಮಾಡತ್ತೆ, ಒಂದೇ ಕ್ರೀಮಲ್ಲಿ ಎರಡು ಕೆಲಸ. ಆಳವಾದ ಸೀಳಿಗೆ ತಾಗಿದ್ರೆ ಉರಿಯತ್ತೆ, ಅಂಥ ಕಡೆ ಬಿಟ್ಟು ಸುತ್ತ ಹಚ್ಚಿ. ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ ಕಾಟನ್ ಕಾಲ್ಚೀಲ ಹಾಕ್ಕೊಂಡು ಮಲಗಿ. ಜೆಲ್ಲಿ ತಾನೇ ತೇವ ಕೊಡಲ್ಲ, ಒಳಗಿರೋ ತೇವ ಆರಿ ಹೋಗದ ಹಾಗೆ ಮುಚ್ಚತ್ತೆ, ಅದಕ್ಕೇ ಒಣ ಕಾಲಿಗೆ ಬರೀ ಜೆಲ್ಲಿ ಮೆತ್ತಿದ್ರೆ ಅಷ್ಟು ಗುಣ ಕಾಣಲ್ಲ. ಬೆರಳ ಸಂದಿಗೆ ಮಾತ್ರ ಏನೂ ಹಚ್ಬೇಡಿ, ಅಲ್ಲಿ ತೇವ ನಿಂತ್ರೆ ಫಂಗಸ್ ಬರತ್ತೆ. ಇನ್ನು ಜಿಡ್ಡು ಕಾಲಲ್ಲಿ ಟೈಲ್ಸ್ ಮೇಲೆ ನಡೀಬೇಡಿ, ಜಾರತ್ತೆ.

ಬೆಳಿಗ್ಗೆನೂ ಒಂದು ಸಲ ಹಚ್ಚಿದ್ರೆ ಇನ್ನೂ ಒಳ್ಳೇದು. ಬಿಡದೆ ಮಾಡಿದ್ರೂ ಆಳವಾದ ಸೀಳು ಮುಚ್ಚೋಕೆ ವಾರಗಟ್ಟಲೆ ಬೇಕು, ಮೂರು ದಿನಕ್ಕೆ ಬೇಜಾರಾಗಿ ಬಿಟ್ಬಿಡ್ಬೇಡಿ.

ರಕ್ತ ಬರ್ತಿರೋ ಸೀಳಿದ್ರೆ ನೀರು, ಸೌಮ್ಯ ಸೋಪಲ್ಲಿ ತೊಳೆದು, ಒರೆಸಿ, ಜೆಲ್ಲಿ ಹಚ್ಚಿ ಬ್ಯಾಂಡೇಜ್ ಪಟ್ಟಿ ಹಾಕಿ ಮುಚ್ಚಿಡಿ, ದಿನಾ ಬದಲಾಯ್ಸಿ. ಸುತ್ತ ಕೆಂಪಾಗಿ ಬಿಸಿ ಅನ್ಸಿದ್ರೆ, ಊದಿದ್ರೆ, ಕೀವು ಕಂಡ್ರೆ, ಜ್ವರ ಬಂದ್ರೆ ಮನೆಮದ್ದು ನಿಲ್ಸಿ ಅವತ್ತೇ ಡಾಕ್ಟರ್ ಹತ್ರ ಹೋಗಿ.

ಶುಗರ್ ಇರೋರು, ಕಾಲಿಗೆ ರಕ್ತ ಓಡಾಟ ಕಮ್ಮಿ ಇರೋರು, ಪಾದದಲ್ಲಿ ಸ್ಪರ್ಶ ಮಂದ ಆಗಿರೋರು ಮೇಲೆ ಹೇಳಿದ ಕಾಲು ನೆನೆಸೋದು, ಕಲ್ಲಲ್ಲಿ ಉಜ್ಜೋದು ಎರಡೂ ಮಾಡ್ಬೇಡಿ, ಗಟ್ಟಿ ಚರ್ಮ ಕರಗಿಸೋ ಸ್ಯಾಲಿಸಿಲಿಕ್ ಆಸಿಡ್ ಇರೋ ಕ್ರೀಮ್, ಪಟ್ಟಿಗಳನ್ನೂ ಡಾಕ್ಟರ್ ಹೇಳದೆ ಬಳಸ್ಬೇಡಿ. ನೀರು ಸುಡ್ತಿರೋದು, ಗಾಯ ಆಗಿರೋದು ಅವರಿಗೆ ಗೊತ್ತಾಗದೇ ಇರಬಹುದು, ಒಂದು ಸಣ್ಣ ಸೀಳು ದೊಡ್ಡ ಹುಣ್ಣಾಗಬಹುದು. ದಿನಾ ಕಾಲು ನೋಡ್ಕೊಳ್ಳಿ, ಬಗ್ಗೋಕಾಗಲ್ಲ ಅಂದ್ರೆ ಕೆಳಗೆ ಕನ್ನಡಿ ಇಟ್ಕೊಳ್ಳಿ ಅಥವಾ ಮನೆಯವರಿಗೆ ತೋರಿಸಿ, ಹೊಸ ಸೀಳು ಕಂಡ್ರೂ ಡಾಕ್ಟರಿಗೆ ಹೇಳಿ.

ಇನ್ನೊಂದು ವಿಷ್ಯ, ಎಲ್ಲಾ ಒಣ ಕಾಲೂ ಬರೀ ಒಣಗಿದ ಕಾಲಲ್ಲ. ಅಂಗಾಲಿನ ಗೆರೆಗಳಲ್ಲಿ ಬಿಳಿ ಪುಡಿ ಕೂತ ಹಾಗೆ ಕಾಣತ್ತಾ, ಬೆರಳ ಸಂದಿ ಬೆಳ್ಳಗಾಗಿ ಕೆರೆತ ಇದ್ಯಾ, ಉಗುರು ದಪ್ಪ ಆಗಿ ಹಳದಿ ಆಗ್ತಿದ್ಯಾ, ಹಾಗಿದ್ರೆ ಫಂಗಸ್ ಇರಬಹುದು, ಅದಕ್ಕೆ ಎಷ್ಟು ಮಾಯಿಶ್ಚರೈಸರ್ ಹಚ್ಚಿದ್ರೂ ಹೋಗಲ್ಲ, ಆಂಟಿಫಂಗಲ್ ಔಷಧಿನೇ ಬೇಕು. ಯಾರೋ ಕೊಟ್ಟ ಸ್ಟೀರಾಯ್ಡ್ ಕ್ರೀಮ್ ಹಚ್ಚಿದ್ರೆ ಕೆರೆತ ನಿಂತ ಹಾಗೆ ಅನ್ಸತ್ತೆ, ಒಳಗೆ ಫಂಗಸ್ ಹರಡ್ತಾನೇ ಇರತ್ತೆ. ಸೋರಿಯಾಸಿಸ್, ಎಕ್ಸಿಮಾ ಅನ್ನೋ ಚರ್ಮದ ಕಾಯಿಲೆಗಳು, ಥೈರಾಯ್ಡ್ ಕಮ್ಮಿ ಇರೋದು, ಇವುಗಳಿಂದಲೂ ಕಾಲು ಒಡೆಯತ್ತೆ, ತಿಂಗಳು ಸರಿಯಾಗಿ ನೋಡ್ಕೊಂಡ್ರೂ ಬದಲಾವಣೆ ಇಲ್ಲ ಅಂದ್ರೆ ಚರ್ಮದ ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಅಡಿಯಲ್ಲಿ ಚುಚ್ಚಿ ಆಮೇಲೆ ಕಮ್ಮಿ ಆಗೋ ನೋವಂತೂ ಚರ್ಮದ್ದಲ್ಲ, ಸಾಮಾನ್ಯವಾಗಿ ಅಂಗಾಲಿನ ಚರ್ಮದ ಒಳಗೆ ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೋಗೋ ಗಟ್ಟಿ ನಾರಿನ ಪಟ್ಟಿಯದ್ದು, ಅದಕ್ಕೆ ಕ್ರೀಮ್ ಕೆಲಸ ಮಾಡಲ್ಲ.

ಚಪ್ಪಲಿ ಬಗ್ಗೆ ಹೇಳ್ಲೇಬೇಕು, ಹಿಮ್ಮಡಿನ ಹಿಂದಿನಿಂದ ಹಿಡ್ಕೊಳ್ಳೋ, ಅಡಿ ಮೆತ್ತಗಿರೋ ಪಾದರಕ್ಷೆ ಹಾಕಿ, ಗಟ್ಟಿ ನೆಲದ ಮನೆಯಾದ್ರೆ ಒಳಗೂ ಒಂದು ಜೊತೆ ಇಟ್ಕೊಳ್ಳಿ. ಸೀಳೆಲ್ಲ ಮುಚ್ಚಿದ್ಮೇಲೆ ಕಲ್ಲು ಹದಿನೈದು ದಿನಕ್ಕೊಂದು ಸಲ ಸಾಕು, ರಾತ್ರಿ ಕ್ರೀಮ್ ಮಾತ್ರ ನಿಲ್ಲಿಸ್ಬೇಡಿ.