ಡಿಸೆಂಬರ್‌ನಲ್ಲಿ ಬಾಗಿಲು ಹಾಕುವ ಕ್ರಿಸ್ಮಸ್ ಪಾಡ್‌ಕ್ಯಾಸ್ಟ್

"ಮಳೆಗಾಲದಲ್ಲಿ ಕ್ರಿಸ್ಮಸ್ ಕತೆ ಹೇಳಿದರೆ ಕೇಳುವುದು ಯಾರು ಮಾರಾಯ, ಕಪ್ಪೆಗಳಾ?"

ದೋಹಾದಲ್ಲಿರುವ ನನ್ನ ಭಾವ ಫೋನಿನಲ್ಲಿ ಹೀಗೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು 2021ರ ಜೂನ್‌ನಲ್ಲಿ. ನನ್ನ ಕನ್ನಡ ಕ್ರಿಸ್ಮಸ್ ಪಾಡ್‌ಕ್ಯಾಸ್ಟ್‌ನಲ್ಲಿ ಕಳೆದ ಜುಲೈಯಲ್ಲಿ ಹಾಕಿದ ಸಂಚಿಕೆಯನ್ನು ಒಂದು ತಿಂಗಳೊಳಗೆ ಹೆಚ್ಚುಕಡಿಮೆ ಎರಡು ಸಾವಿರ ಮಂದಿ ಕೇಳಿದ್ದಾರೆ. ಕಪ್ಪೆಗಳೂ ಇದ್ದವು, ಹಿನ್ನೆಲೆಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ವರ್ಷವಿಡೀ ಕ್ರಿಸ್ಮಸ್ ಬಗ್ಗೆಯೇ ಮಾತಾಡುವ ಪಾಡ್‌ಕ್ಯಾಸ್ಟ್‌ಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಕನ್ನಡದಲ್ಲಿ ನಡೆಯುತ್ತದೆಂದು ಯಾರೂ ನಂಬಲಿಲ್ಲ. ಮನೆಯಲ್ಲಿ ಕೊಂಕಣಿ ಮಾತಾಡುವ ನಾನು ಕನ್ನಡದಲ್ಲಿ ಯಾಕೆ ಮಾಡುತ್ತೇನೆ ಎಂದು ನಮ್ಮವರೇ ಆಕ್ಷೇಪಿಸಿದರು. ಬೆಂಗಳೂರಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕೊಂಕಣಿ ಅರ್ಧಂಬರ್ಧ, ಶಿವಮೊಗ್ಗ, ಮೈಸೂರಿನ ಕ್ರೈಸ್ತರಿಗೆ ಅದು ಗೊತ್ತೇ ಇಲ್ಲ, ಮತ್ತೆ ಕೇಕಿಗೂ ನಕ್ಷತ್ರಕ್ಕೂ ಆಸೆಪಡುವ ಹಿಂದೂ, ಮುಸ್ಲಿಂ ಗೆಳೆಯರನ್ನು ಎಲ್ಲಿ ಬಿಡುವುದು? ಅಷ್ಟೇ ಕಾರಣ. ಮೈಕು, ಎಡಿಟಿಂಗು ಪಾಡ್‌ಕ್ಯಾಸ್ಟ್ ಮಾಡುವ ನಿಮಗೆಲ್ಲ ಗೊತ್ತಿರುವುದೇ. ನಾನು ಎಲ್ಲಿ ಬಿದ್ದೆ, ಎಷ್ಟು ದುಡ್ಡು ಹೋಯಿತು ಅನ್ನುವುದನ್ನು ಹೇಳುತ್ತೇನೆ.

ಮೊದಲ ವರ್ಷ ನಾನು ಮಾಡಿದ್ದು ಪಾಡ್‌ಕ್ಯಾಸ್ಟ್ ಅಲ್ಲ, ಶಾಲೆಯ ಭಾಷಣ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆ ಇಟ್ಟು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಮಾಡಿಸಿದರು ಎಂದು ಒಂದು ಸಂಚಿಕೆ. 'ಜಿಂಗಲ್ ಬೆಲ್ಸ್' 1857ರಲ್ಲಿ ಅಚ್ಚಾದ ಜಾರುಬಂಡಿಯ ಹಾಡು, ಅದರಲ್ಲಿ ಕ್ರಿಸ್ಮಸ್ ಎಂಬ ಶಬ್ದವೇ ಇಲ್ಲ ಎಂದು ಇನ್ನೊಂದು. ಮಾಹಿತಿ ಸರಿಯೇ ಇತ್ತು, ಕೇಳುವವರು ಮಾತ್ರ ಇರಲಿಲ್ಲ. ಒಂದು ಸಂಚಿಕೆಗೆ ನಲವತ್ತರ ಆಸುಪಾಸು ಡೌನ್‌ಲೋಡ್. ಅದರಲ್ಲಿ ಹತ್ತು ಮನೆಯವರದ್ದು, ಐದಾರು ನಾನೇ ಬೇರೆ ಬೇರೆ ಫೋನಿನಲ್ಲಿ ಒತ್ತಿದ್ದು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಮೈಕು ನಾಲ್ಕೂವರೆ ಸಾವಿರ. ಕೈಯಲ್ಲಿ ಹಿಡಿದುಕೊಂಡು ಹೋಗುವ ರೆಕಾರ್ಡರ್ ಒಂಬತ್ತು ಸಾವಿರದ ಹತ್ತಿರ. ಹೋಸ್ಟಿಂಗ್‌ಗೆ (ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಇಡುವ ಸೇವೆ) ತಿಂಗಳಿಗೆ ಸಾವಿರ ರೂಪಾಯಿ, ಡಾಲರ್ ಏರಿದಾಗ ಅದೂ ಏರುತ್ತದೆ. ಗೋಡೆಗೆ ಅಂಟಿಸಲು ಮೂರು ಸಾವಿರದ ಸ್ಪಂಜಿನ ಹಾಳೆ ತರಿಸಿದೆ, ಶುದ್ಧ ದಂಡ. ಮಾಂಯ್ ಎಂದರೆ ಕೊಂಕಣಿಯಲ್ಲಿ ಅಮ್ಮ. ಮಾಂಯ್‌ಯ ಸೀರೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೊಳಗೆ ತಲೆ ಹಾಕಿ ಮಾತಾಡಿದರೆ ಅದಕ್ಕಿಂತ ಚೆನ್ನಾಗಿ ಬರುತ್ತದೆ. ಲೋಗೋಗೆ ಎರಡೂವರೆ ಸಾವಿರ ಕೊಟ್ಟೆ, ಹುಡುಗ ಹಿಮದ ಗೊಂಬೆ ಬರೆದುಕೊಟ್ಟ. ಉಡುಪಿ ಜಿಲ್ಲೆಯಲ್ಲಿ ಹಿಮದ ಗೊಂಬೆ! ಆರು ತಿಂಗಳು ಅದನ್ನೇ ಇಟ್ಟುಕೊಂಡಿದ್ದೆ, ಕೊಟ್ಟ ದುಡ್ಡಿನ ಸಂಕಟಕ್ಕೆ.

2022ರಲ್ಲಿ ಇನ್ನೂ ದೊಡ್ಡ ಹುಚ್ಚು ಹಿಡಿಯಿತು. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಸಂಚಿಕೆ. ಸಹಕಾರಿ ಸಂಘದ ಲೆಕ್ಕದ ಕೆಲಸ ಮುಗಿಸಿ ಬಂದು ರಾತ್ರಿ ಹನ್ನೆರಡರವರೆಗೆ ಎಡಿಟಿಂಗ್. ಮೊದಲ ದಿನ ಮುನ್ನೂರು ಮಂದಿ ಕೇಳಿದರು, ಗಾಳಿಯಲ್ಲಿ ತೇಲಿದೆ. ಹದಿನೈದನೇ ತಾರೀಕಿಗೆ ನೂರಕ್ಕಿಂತ ಕೆಳಗೆ. ಇಪ್ಪತ್ತರ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಇಪ್ಪತ್ತೆರಡರ ರಾತ್ರಿ ಕುಸ್ವಾರ್‌ಗೆ (ಕ್ರಿಸ್ಮಸ್ ತಿಂಡಿಗಳಿಗೆ) ನೆವ್ರಿ, ಅಂದರೆ ಕರ್ಜಿಕಾಯಿ, ಮಾಡುವುದು ಹೇಗೆ ಅಂತ ಕಪಾಟಿಗೆ ತಲೆ ಹಾಕಿ ಪಿಸುಗುಡುತ್ತಿದ್ದಾಗ ಅಡುಗೆಮನೆಯಿಂದ ಮಾಂಯ್ ಕೂಗಿದರು: "ಊರಿಗೆಲ್ಲ ನೆವ್ರಿ ಮಾಡುವುದು ಹೇಳಿಕೊಡ್ತೀಯ, ಇಲ್ಲಿ ಅಂಚು ಮಡಚಲಿಕ್ಕೆ ಒಂದು ಕೈ ಇಲ್ಲ!" ಆ ಕೂಗು ರೆಕಾರ್ಡ್ ಆಯಿತು. ಕತ್ತರಿಸಿ ತೆಗೆದೆ. ಈಗ ಅದಕ್ಕಾಗಿ ಪಶ್ಚಾತ್ತಾಪ ಪಡುತ್ತೇನೆ, ಆ ವರ್ಷದ ಇಪ್ಪತ್ತನಾಲ್ಕು ಸಂಚಿಕೆಗಳಲ್ಲಿ ಕೇಳಲು ಯೋಗ್ಯವಾಗಿದ್ದದ್ದು ಅದೊಂದೇ ವಾಕ್ಯ.

ಜನವರಿ ಬಂತು. ಇನ್ನು ಸಾಕು, ಮೈಕು ಮಾರಿಬಿಡುವುದು ಎಂದು ತೀರ್ಮಾನಿಸಿದ್ದೆ. ನಕ್ಷತ್ರ ಇಳಿಸುವಾಗ, ಗೋದಲಿ ಬಿಚ್ಚುವಾಗ ಸುಮ್ಮನೆ ರೆಕಾರ್ಡರ್ ಒತ್ತಿ ಕಿಟಕಿಯಲ್ಲಿಟ್ಟೆ. ಕುರಿಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಾ ಮಾಂಯ್ ಯಾವ ಕುರಿಯ ಕಾಲು ಯಾವ ವರ್ಷ ಮುರಿಯಿತು, ಮುರಿದದ್ದು ಯಾರು ಎಂದು ವರದಿ ಒಪ್ಪಿಸುತ್ತಿದ್ದರು. ಸ್ಕ್ರಿಪ್ಟ್ ಇಲ್ಲ, ಸಂಗೀತ ಇಲ್ಲ. ಶುರುವಿನಲ್ಲಿ ಒಂದೇ ಮಾತು ಸೇರಿಸಿದೆ: "ಇವತ್ತು ಜನವರಿ 7. ರಷ್ಯಾದಲ್ಲಿ, ಇಥಿಯೋಪಿಯಾದಲ್ಲಿ ಇವತ್ತೇ ಕ್ರಿಸ್ಮಸ್. ನಾವೇನೂ ತಡವಾಗಿಲ್ಲ." ಒಂದು ವಾರದಲ್ಲಿ ನಾನೂರು ದಾಟಿತು. ಮೆಸೇಜುಗಳು ಬಂದವು, ಹೆಚ್ಚಿನವು ರಾತ್ರಿ ಪಾಳಿಯವರದ್ದು. ಕುವೈತಿನ ನರ್ಸ್ ಒಬ್ಬರು ಆ ಮುರಿದ ಕುರಿಯ ಭಾಗವನ್ನು ಮೂರು ಸಲ ಕೇಳಿದರಂತೆ.

ಆಗ ಹೊಳೆಯಿತು. ಡಿಸೆಂಬರ್‌ನಲ್ಲಿ ಇವರಿಗೆ ನಾನು ಬೇಡ, ನಿಜವಾದ ಕ್ರಿಸ್ಮಸ್ ಮನೆಯಲ್ಲೇ ಇರುತ್ತದೆ. ಹಿಟ್ಟು ನಾದಬೇಕು, ಚರ್ಚಿನ ಹಾಡಿನ ತಂಡದ, ಅಂದರೆ ಕ್ವಾಯರ್‌ನ, ಪ್ರಾಕ್ಟೀಸಿಗೆ ಹೋಗಬೇಕು. ಇಯರ್‌ಫೋನ್ ಹಾಕಲು ಕಿವಿ ಖಾಲಿ ಇರುವುದು ಉಳಿದ ಹನ್ನೊಂದು ತಿಂಗಳು. ಹಾಗಾಗಿ 2023ರಿಂದ ನಿಯಮ ಬದಲಾಯಿಸಿದೆ: ಡಿಸೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಬೀಗ, ಜನವರಿ 7ಕ್ಕೆ ಮತ್ತೆ ಶುರು. ಡಿಸೆಂಬರ್‌ನಲ್ಲಿ ಮುಚ್ಚುವ ಕ್ರಿಸ್ಮಸ್ ಪಾಡ್‌ಕ್ಯಾಸ್ಟ್ ಎಂದು ಗೆಳೆಯರು ಹೀಗಳೆದರು, "ಚೌತಿಗೆ ಮುಚ್ಚುವ ಕಡುಬಿನಂಗಡಿ" ಎಂದರು. ಹೀಗಳೆದವರಲ್ಲಿ ಇಬ್ಬರ ಪಾಡ್‌ಕ್ಯಾಸ್ಟ್ ಈಗ ಪೂರ್ತಿ ಮುಚ್ಚಿದೆ, ಹೇಳಬಾರದು, ಆದರೂ ಹೇಳಿದೆ.

ಇನ್ನೊಂದು ಬದಲಾವಣೆ: ಇತಿಹಾಸ ಹೇಳುವುದನ್ನು ನಿಲ್ಲಿಸಿ, ಆ ತಿಂಗಳಲ್ಲಿ ಕ್ರಿಸ್ಮಸ್‌ನ ಯಾವ ಕೆಲಸ ಎಲ್ಲಿ ನಡೆಯುತ್ತಿದೆಯೋ ಅಲ್ಲಿಗೆ ರೆಕಾರ್ಡರ್ ಹಿಡಿದುಕೊಂಡು ಹೋಗುವುದು. ಹುಡುಕಿದರೆ ಪ್ರತಿ ತಿಂಗಳೂ ಏನಾದರೊಂದು ಸಿಗುತ್ತದೆ.

ಜುಲೈಯ ಸಂಚಿಕೆ ಕೇಕಿನದ್ದು. ಆಗಲೇ ದ್ರಾಕ್ಷಿ, ಖರ್ಜೂರ, ಗೇರುಬೀಜ ಕೊಚ್ಚಿ ರಮ್ಮಿನಲ್ಲಿ ನೆನೆಸಿಡುವ ಮನೆಗಳಿವೆ. ಮೊದಲ ಸಲ ಹೋದಾಗ ಹಂಚಿನ ಮಾಡಿನ ಮೇಲೆ ಆಷಾಢದ ಮಳೆ. ಮನೆಗೆ ತಂದು ನಾಯ್ಸ್ ರಿಡಕ್ಷನ್ ಹಾಕಿದೆ, ಮಳೆಯೇನೋ ಹೋಯಿತು, ಆದರೆ ಆ ಹೆಂಗಸು ನೀರಿನ ಡ್ರಮ್ಮಿನೊಳಗೆ ಕೂತು ಮಾತಾಡಿದ ಹಾಗಾಯಿತು. ಸಣ್ಣ ಶಬ್ದವನ್ನು ಕತ್ತರಿಸುವ 'ಗೇಟ್' ಹಾಕಿದರೆ ಮಾತಿನ ನಡುವೆ ಮಳೆ ಬಂದು ಬಂದು ಹೋಗುತ್ತಿತ್ತು, ಯಾರೋ ನಲ್ಲಿ ತಿರುಗಿಸಿದ ಹಾಗೆ. ಮೂರು ರಾತ್ರಿ ಒದ್ದಾಡಿ, ಕೊನೆಗೆ ಎಲ್ಲಾ ಅಳಿಸಿ ಮತ್ತೆ ಹೋದೆ. ಈ ಸಲ ಒಂದು ಮೈಕು ಬೇಕೆಂದೇ ಸೂರಿನಡಿ, ಇನ್ನೊಂದು ಮಣೆಯ ಪಕ್ಕ. ಇಪ್ಪತ್ತೆರಡು ನಿಮಿಷ: ಮಳೆ, ಕಪ್ಪೆ, ಚೂರಿಯ ಟಕಟಕ, ನಡುನಡುವೆ ಇಬ್ಬರು ಹೆಂಗಸರ ಜಗಳ, ರಮ್ಮು ಎಷ್ಟು ಹಾಕಬೇಕೆಂದು. ಒಟ್ಟು ಧ್ವನಿಮಟ್ಟವನ್ನು ಮೈನಸ್ 16 ಎಲ್‌ಯುಎಫ್‌ಎಸ್‌ಗೆ ತಂದು ಬಿಟ್ಟೆ, ಬೇರೇನೂ ಮುಟ್ಟಲಿಲ್ಲ. ಇವತ್ತಿಗೂ ಅತಿ ಹೆಚ್ಚು ಕೇಳಿಸಿಕೊಂಡದ್ದು ಅದು. ಮಲಗುವಾಗ ಹಾಕಿಕೊಳ್ಳುತ್ತೇವೆ ಎನ್ನುತ್ತಾರೆ. ಮರಳುಗಾಡಿನಲ್ಲಿರುವವರಿಗೆ ಅದರಲ್ಲಿ ಬೇಕಾದದ್ದು ಕೇಕೋ ಮಳೆಯೋ, ನಾನು ಕೇಳಲು ಹೋಗಿಲ್ಲ.

ಅದರ ಬಾಲವಾಗಿ ಒಂದು ಪ್ರಯೋಗವೂ ಆಯಿತು. 1883ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು ಬ್ರೌನ್ ಎಂಬ ತೋಟದ ದೊರೆಗೆ ಕ್ರಿಸ್ಮಸ್ ಕೇಕು ಮಾಡಿಕೊಟ್ಟ ಕತೆ ನಿಮಗೆ ಗೊತ್ತಿರಬಹುದು. ಬ್ರಾಂದಿಯ ಬದಲು ಅಲ್ಲಿಯದೇ ಗೇರುಹಣ್ಣಿನ ಸಾರಾಯಿ ಹಾಕಿದರಂತೆ. ನಮ್ಮಲ್ಲೇನು ಗೇರುಹಣ್ಣಿಗೆ ಬರವೇ ಎಂದು ಏಪ್ರಿಲಿನಲ್ಲಿ ಬರೀ ಹಣ್ಣಿನ ರಸದಲ್ಲಿ ಒಂಬೈನೂರು ರೂಪಾಯಿಯ ಒಣಹಣ್ಣು ನೆನೆಸಿ ಭರಣಿ ಬಿಗಿದಿಟ್ಟೆ. ಐದನೇ ದಿನ ಮಧ್ಯಾಹ್ನ ಮುಚ್ಚಳ ಹಾರಿ ಜಂತಿಗೆ ಬಡಿಯಿತು. ಅದೃಷ್ಟಕ್ಕೆ ರೆಕಾರ್ಡರ್ ಪಕ್ಕದಲ್ಲೇ ಓಡುತ್ತಿತ್ತು. ಆ 'ಢಬ್' ಶಬ್ದವನ್ನು ಹೊಸ ವರ್ಷದ ಪಟಾಕಿಯೆಂದು ಎರಡು ಸಲ ಬಳಸಿದ್ದೇನೆ, ಯಾರಿಗೂ ಗೊತ್ತಾಗಿಲ್ಲ.

ಸೆಪ್ಟೆಂಬರ್ ಸಂಚಿಕೆ ಕುವೈತಿನ ಆ ನರ್ಸಿನ ಕೊಡುಗೆ. ಅವರ ಹಾಸ್ಟೆಲ್ಲಿನ ಫಿಲಿಪ್ಪೀನ್ಸ್ ಹುಡುಗಿಯರಿಗೆ ಸೆಪ್ಟೆಂಬರ್ 1ರಿಂದಲೇ ಕ್ರಿಸ್ಮಸ್ ಕಾಲ. ಹೆಸರು 'ಬರ್' ಎಂದು ಮುಗಿಯುವ ನಾಲ್ಕು ತಿಂಗಳೂ ಹಬ್ಬ. ಬಿದಿರು ಕಡ್ಡಿ, ಬಣ್ಣದ ಕಾಗದದಿಂದ ಪರೋಲ್ ಎಂಬ ನಕ್ಷತ್ರದೀಪ ಮಾಡುತ್ತಾರೆ. ಡಿಸೆಂಬರ್ 16ರಿಂದ ಒಂಬತ್ತು ದಿನ ನಸುಕಿನಲ್ಲಿ ಚರ್ಚಿನಲ್ಲಿ ಬಲಿಪೂಜೆ. ನರ್ಸ್ ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದರು, ಎಸಿಯ ಗೊರಗೊರ ಸಮೇತ. ನಾನು ಇಲ್ಲಿ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುವುದನ್ನು ರೆಕಾರ್ಡ್ ಮಾಡಿದೆ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟೆ, ವಿವರಣೆ ಕೊಡಲಿಲ್ಲ.

ಎಡವಿದ್ದೂ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕ್ರಿಸ್ಮಸ್ ಯಾಕೆ ಎಂದು ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರು ತಗಾದೆ ತೆಗೆದಾಗ, ಮಾರ್ಚ್ 25ಕ್ಕೆ ಗಬ್ರಿಯೇಲ್ ದೂತ ಮರಿಯಮ್ಮನಿಗೆ ಸುದ್ದಿ ತಂದ ಹಬ್ಬ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಕ್ರಿಸ್ಮಸ್ ಎಂದು ಉತ್ತರ ಕೊಟ್ಟು ಬೀಗಿದ್ದೆ. 2024ರಲ್ಲಿ ಅದೇ ಗತ್ತಿನಲ್ಲಿ ಮಾರ್ಚ್ 25ಕ್ಕೆ ಸಂಚಿಕೆ ಹಾಕಿದೆ. ಹತ್ತೇ ನಿಮಿಷಕ್ಕೆ ಫಾದರ್ ಫೋನು: "ಈ ವರ್ಷ ಅದು ಪವಿತ್ರ ವಾರದಲ್ಲಿ ಬಿದ್ದಿದೆ ಮಾರಾಯ, ಹಬ್ಬ ಏಪ್ರಿಲ್ 8ಕ್ಕೆ ಹೋಗಿದೆ." ಇಳಿಸಿ, ಎರಡು ವಾರ ಕಾದು ಮತ್ತೆ ಏರಿಸಿದೆ. ಗುರ್ಕಾರರು ಅದನ್ನು ಇನ್ನೂ ಮರೆತಿಲ್ಲ.

ಹಾಡಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ನನ್ನ ಎರಡು ಸಂಚಿಕೆ ಇದರಿಂದ ಹೋಗಿವೆ. 'ಸೈಲೆಂಟ್ ನೈಟ್' 1818ರದ್ದು, ಅದರ ರಾಗ ಯಾರ ಸ್ವತ್ತೂ ಅಲ್ಲ ಎಂದುಕೊಂಡು ಹಳೇ ಕ್ಯಾಸೆಟ್ಟಿನಿಂದ ಇಪ್ಪತ್ತು ಸೆಕೆಂಡು ಎತ್ತಿದೆ. ರಾಗ ಬೇರೆ, ರೆಕಾರ್ಡಿಂಗ್ ಬೇರೆ. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗ್‌ಗೆ ಹೊರಬಂದ ಮೇಲೆ 60 ವರ್ಷ ಹಕ್ಕು, ಸಾಹಿತ್ಯಕ್ಕೆ ಬರೆದವರು ತೀರಿದ ಮೇಲೆ 60 ವರ್ಷ. ಕನ್ನಡಕ್ಕೆ ತಂದವರು ಯಾರು, ಎಂದು ತೀರಿಕೊಂಡರು ಎಂದು ಹಾಡಿನ ಪುಸ್ತಕದಲ್ಲಿ ಇರುವುದಿಲ್ಲ. ಹಾಗಾಗಿ ಈಗ ನಮ್ಮ ಕ್ವಾಯರಿನವರಿಂದ ಬರೀ ಗುನುಗಿಸುತ್ತೇನೆ, ಜೊತೆಗೊಂದು ಗಿಟಾರ್. ಒಬರ್ನ್‌ಡಾರ್ಫಿನಲ್ಲಿ (ಆಸ್ಟ್ರಿಯಾ) 'ಸೈಲೆಂಟ್ ನೈಟ್' ಮೊದಲ ಸಲ ಹಾಡಿದ್ದೂ ಗಿಟಾರಿನ ಜೊತೆಗೇ. ಖರ್ಚು ಒಂದು ರಾತ್ರಿಯ ಬಿರಿಯಾನಿ, ಮೂರು ಸಾವಿರದ ಇನ್ನೂರು. ತಗ್ಗಿದ ದನಿಯ ಬೇಸ್ ಹಾಡುವವರು ತುಂಬಾ ತಿನ್ನುತ್ತಾರೆ.

ಬೇರೆ ತಂತ್ರಗಳನ್ನು ಕೇಳಿದರೆ ಹೇಳುತ್ತೇನೆ, ಎರಡು ಬಿಟ್ಟು. ಕಿಡಿಯೊ ಎಂಬ ಕ್ರಿಸ್ಮಸ್ ತಿಂಡಿ ಮಾಡುವ ಅಜ್ಜಿಯರು ಫೋರ್ಕಿನ ಮೇಲೆ ಹಿಟ್ಟು ಒತ್ತುತ್ತಾ ಮೈಕನ್ನು ಮರೆತು ಮಾತಾಡುವ ಹಾಗೆ ಹೇಗೆ ಮಾಡುತ್ತೇನೆ ಎಂಬುದು ಒಂದು. ಶುರುವಿನ ಗಂಟೆಯ ಶಬ್ದ ಯಾವುದರದ್ದು ಎಂಬುದು ಇನ್ನೊಂದು. ಇಗರ್ಜಿಯದ್ದಲ್ಲ, ಅಡುಗೆಮನೆಯದ್ದು, ಅಷ್ಟು ಸಾಕು.

ಆದಾಯ? ಎರಡು ವರ್ಷ ಸೊನ್ನೆ. 2023ರ ಅಕ್ಟೋಬರ್‌ನಲ್ಲಿ ಕುಸ್ವಾರ್ ಮಾಡಿ ಮಾರುವ ನಾಲ್ಕು ಹೆಂಗಸರು ತಮ್ಮ ಆರ್ಡರ್ ನಂಬರು ಹೇಳಲು ಆರು ಸಾವಿರ ಕೊಟ್ಟರು. ನವೆಂಬರ್ ಮಧ್ಯಕ್ಕೇ ಆರ್ಡರ್ ನಿಲ್ಲಿಸಬೇಕಾಯಿತು ಅವರಿಗೆ. ಮರುವರ್ಷ ಹದಿನೆಂಟು ಸಾವಿರ. ಐವತ್ತು, ಅರವತ್ತು ಕೇಳುಗರು ತಿಂಗಳಿಗೆ ನೂರು ರೂಪಾಯಿ ಯುಪಿಐ ಮಾಡುತ್ತಾರೆ, ಒಬ್ಬರು ಪ್ರತಿ ತಿಂಗಳು 25ನೇ ತಾರೀಕಿಗೇ ಕಳಿಸುವುದು. ಸಾಲದ ಆ್ಯಪ್ ಒಂದರ ಜಾಹೀರಾತು ಬಂದಿತ್ತು, ಒಳ್ಳೆಯ ಮೊತ್ತ, ಬೇಡವೆಂದೆ. ಎಲ್ಲ ಕಳೆದು ಕಳೆದ ವರ್ಷ ಕೈಯಲ್ಲಿ ಉಳಿದದ್ದು ಹನ್ನೊಂದೋ ಹನ್ನೆರಡೋ ಸಾವಿರ.

ಭಾವ ಈಗ ದೋಹಾದಲ್ಲಿ ಕಾರಿನಲ್ಲಿ ಹೋಗುತ್ತಾ ಕೇಳುತ್ತಾರೆ, ಕಪ್ಪೆಯ ಸಂಚಿಕೆ ಅವರಿಗೆ ಬಾಯಿಪಾಠ. ಕಳೆದ ಡಿಸೆಂಬರ್ ಹತ್ತಕ್ಕೆ ಫೋನು ಮಾಡಿ ದಬಾಯಿಸಿದರು: "ಈಗ ಯಾಕಾ ನಿಲ್ಲಿಸಿದ್ದು? ಒಂದಾದರೂ ಹಾಕು ಮಾರಾಯ!"

"ಆಗುವುದಿಲ್ಲ ಭಾವ," ಎಂದೆ, "ನೆವ್ರಿ ಮಡಚಲಿಕ್ಕೆ ಉಂಟು."